ಹದಿನೆಂಟು ಗ್ರಾಮ್ ಸುಳ್ಳು

ನಾನು ಒಂದು ತೂಕದ ಬಟ್ಟು. ಕಬ್ಬಿಣದ್ದು, ಒಂದು ಕೆಜಿಯದು. ಹುಟ್ಟಿದ್ದು ಶಿವಮೊಗ್ಗದ ಒಂದು ಎರಕದ ಶೆಡ್ಡಿನಲ್ಲಿ. ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರು, ಆರಿದ ಮೇಲೆ ಉಜ್ಜಿದರು, ತಳದ ತೂತಿಗೆ ಸೀಸ ತುಂಬಿ ತೂಕ ಸರಿಮಾಡಿದರು. ಆ ಸೀಸದ ಮೇಲೆ ಸರ್ಕಾರಿ ಮುದ್ರೆ ಬಿದ್ದ ದಿನವೇ ನನಗೆ ಕೋಡು ಮೂಡಿತು. ನನ್ನ ಸ್ವಭಾವ ಒಳ್ಳೆಯದಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಮೊದಲ ಯಜಮಾನರು ತಿಪಟೂರಿನ ದಿನಸಿ ಅಂಗಡಿಯ ನಾಗೇಂದ್ರ ಶೆಟ್ಟರು. ಅಲ್ಲಿಗೆ ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಶಿವನಂಜಪ್ಪನವರು ತಪಾಸಣೆಗೆ ಬರುತ್ತಿದ್ದರು. ಅವರ ಬೂಟಿನ ಸದ್ದಿಗೆ ಪೇಟೆ ಬೀದಿಯೇ ಗಪ್‌ಚುಪ್. ಒಂದು ಸಲ ನನ್ನ ತಮ್ಮ, ಕಾಲು ಕೆಜಿಯವನು, ತಳ ಸವೆದು ಸಿಕ್ಕಿಬಿದ್ದ. ಇನ್‌ಸ್ಪೆಕ್ಟರು ಅವನ ಮುದ್ರೆಯ ಮೇಲೆ ಉಳಿ ಇಟ್ಟು, ಸುತ್ತಿಗೆಯಿಂದ ಹೊಡೆದು ಅಡ್ಡಗೆರೆ ಹಾಕಿದರು. ಅಲ್ಲಿಗೆ ಅವನು ತೂಕವಲ್ಲ, ಬರೀ ಕಬ್ಬಿಣ. ನನ್ನನ್ನು ತೂಗಿ, "ಇದು ಸರಿಯಾಗೈತೆ" ಎಂದು ಪಕ್ಕಕ್ಕಿಟ್ಟರು. ತಮ್ಮನಿಗಾಗಿ ನಾನು ಒಂದು ಗಳಿಗೆಯೂ ಮರುಗಲಿಲ್ಲ.

ಇನ್‌ಸ್ಪೆಕ್ಟರ ಹೆಂಡತಿ ಸರ್ವಮಂಗಳಮ್ಮನನ್ನು ಕಂಡದ್ದೂ ಅದೇ ಅಂಗಡಿಯಲ್ಲಿ. ಆಗಿನ್ನೂ ಹೊಸ ಮದುವಣಗಿತ್ತಿ. ಒಂದು ಕೆಜಿ ಸಕ್ಕರೆ ಕೊಂಡರು. ತೂಗಿದ ಮೇಲೆ ಶೆಟ್ಟರು ವಾಡಿಕೆಯಂತೆ, ಕೊಸರು ಎಂದು ಒಂದು ಹಿಡಿ ಒಣದ್ರಾಕ್ಷಿಯನ್ನು ಅವರ ಕೈಗೆ ಹಾಕಿದರು. ಅರ್ಧ ಗಂಟೆಯಲ್ಲಿ ಆಕೆ ತಿರುಗಿ ಬಂದರು. ಹಿಡಿಯಲ್ಲಿ ಅದೇ ದ್ರಾಕ್ಷಿ.

"ನಮ್ಮನೆಯವ್ರು ವಾಪಸ್ ಕೊಟ್ಟು ಬಾ ಅಂದ್ರು."

ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಬೆವರಿಗೆ ದ್ರಾಕ್ಷಿ ಅಂಗೈಗೆ ಅಂಟಿತ್ತು. ಆಕೆ ಒಂದೊಂದಾಗಿ ಬಿಡಿಸಿ ತಕ್ಕಡಿಯ ತಟ್ಟೆಗೆ ಹಾಕಿ ಹೋದರು. ಆಮೇಲೆ ಅವರು ಆ ಊರಿನ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಇನ್‌ಸ್ಪೆಕ್ಟರ ಹೆಂಡತಿ ಅಂಗಡಿ ಮುಂದೆ ನಿಂತರೆ ಅದೇ ಒಂದು ಲಂಚ ಎಂದು ಶಿವನಂಜಪ್ಪನವರು, ಉಪ್ಪಿನಿಂದ ಸೀರೆಯವರೆಗೆ ಎಲ್ಲವನ್ನೂ ತಾವೇ ಪರವೂರಿನಿಂದ ತರತೊಡಗಿದರಂತೆ. ಸೀರೆಗಳೆಲ್ಲ ಬೂದು, ಇಲ್ಲವೇ ಕಂದು. ಮೂವತ್ತು ವರ್ಷ ಹೀಗೇ ನಡೆಯಿತು.

ಶೆಟ್ಟರು ಕರೆಂಟಿನ ತಕ್ಕಡಿ ತಂದಾಗ ನನ್ನನ್ನು ಗುಜರಿಗೆ ಹಾಕಲು ತೆಗೆದಿಟ್ಟರು. ಅದೇ ವರ್ಷ ನಿವೃತ್ತರಾದ ಶಿವನಂಜಪ್ಪನವರು, ಹಳೆಯ ತಕ್ಕಡಿಯ ಜೊತೆ ನನ್ನನ್ನು ಕೊಂಡು ಮನೆಗೆ ತಂದರು. ನನ್ನ ಬಾಳಿನ ವೈಭವ ಶುರುವಾದದ್ದು ಆಗ. ಪ್ರತಿ ಆಯುಧಪೂಜೆಗೆ ನನಗೆ ಸ್ನಾನ, ಎರಡು ಕೈ ಕರೀ ಪೇಂಟು, ವಿಭೂತಿ, ಹೂವು. ಮುದ್ರೆಯ ಮೇಲೆ ಮಾತ್ರ ಒಂದು ಹನಿಯೂ ಬೀಳದಂತೆ ಸಣ್ಣ ಕುಂಚದಿಂದ ಸುತ್ತ ಬಳಿಯುತ್ತಿದ್ದರು. ಹನ್ನೊಂದು ಆಯುಧಪೂಜೆ ಕಂಡೆ. ಹೊರಗಿನ ಲೋಕದಲ್ಲಿ ಎರಡು ವರ್ಷಕ್ಕೊಮ್ಮೆ ನನ್ನಂಥವರನ್ನು ಪರೀಕ್ಷೆಗೆ ಒಯ್ಯಬೇಕು. ಮನೆಯಲ್ಲಿ ಯಾರು ಒಯ್ಯುತ್ತಾರೆ?

ಇಷ್ಟರಲ್ಲಿ ಸರ್ವಮಂಗಳಮ್ಮ ಮೊಬೈಲಿನಲ್ಲಿ ಸಾಮಾನು ತರಿಸುವುದನ್ನು ಕಲಿತರು. ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹೊಲಿಗೆ ನೋಡುವರು. ಹೊಗಳಿಕೆ ಬಿಟ್ಟು, ಬೈದವರ ಮಾತನ್ನೇ ಮೊದಲು ಓದುವರು. ಆರಿಸಿದ್ದನ್ನು ನಾಲ್ಕು ದಿನ ಮೊಬೈಲಿನ ಬುಟ್ಟಿಯಲ್ಲೇ ಇಟ್ಟು, ದಿನಕ್ಕೊಮ್ಮೆ ಹೋಗಿ ನೋಡಿ ಬರುವರು. ದುಡ್ಡು ಮಾತ್ರ ಸಾಮಾನು ಕೈಗೆ ಬಂದ ಮೇಲೇ. ಕಂದು ಡಬ್ಬ ಬಂದರೆ ಕತ್ತರಿ ಹಾಕದೆ, ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುವರು. ಆ ಡಬ್ಬಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಎದುರು ನಿಂತು ತೂಗಿಸಿಕೊಳ್ಳದ ವ್ಯಾಪಾರವೂ ಒಂದು ವ್ಯಾಪಾರವೇ?

ಶಿವನಂಜಪ್ಪನವರಿಗೂ ಅದೇ ಉರಿ. ಡಬ್ಬ ಬಂದೊಡನೆ ತಕ್ಕಡಿ ಎತ್ತುತ್ತಿದ್ದರು. ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಆಕೆಯ ಕೆಂಪಕ್ಕಿ, ಬಾದಾಮಿ, ಏನು ಬಂದರೆ ಅದು. ಮೊದಮೊದಲು ಬೈದು ಬಿಡುತ್ತಿದ್ದರು. ಆಮೇಲೆ ಕೊರತೆ ಕಾನೂನಿನ ವಿನಾಯಿತಿಯನ್ನೂ ಮೀರಿತು. "ಕಳ್ಳರು. ವಾಪಸ್ ಒತ್ತು" ಎಂದು ಆಕೆಯ ಪಕ್ಕದಲ್ಲೇ ನಿಲ್ಲುವರು. ಆಕೆ ಒತ್ತುವರು. ಪ್ರತಿ ಸಲವೂ ನನಗೆ ಹಬ್ಬ.

ಒಂದು ದಿನ ಮೊಬೈಲಿಗೆ ಎಚ್ಚರಿಕೆ ಬಂತು. ವಾಪಸ್ಸು ಹೆಚ್ಚಾಗಿದೆ, ಮುಂದುವರಿದರೆ ಖಾತೆ ಮುಚ್ಚುತ್ತೇವೆ ಎಂದು. ಅದರ ಹಿಂದೆಯೇ ಆಕೆಯ ಉಲ್ಲನ್ ಬಂತು. ಒಂದು ಕೆಜಿ, ರಾಣಿ ಬಣ್ಣದ್ದು. ಶಾಲು ಹೆಣೆದುಕೊಳ್ಳಲು ಆರಿಸಿದ್ದು. ಅದರ ಬಣ್ಣಕ್ಕೆ ಆ ಬೂದು ಮನೆಯೇ ನಾಚಿಕೊಂಡಿತ್ತು. ತೂಗಿದರು. ನನ್ನ ತಟ್ಟೆ ಕೆಳಗಿಳಿಯಿತು.

"ಇದೊಂದು ಇರ್ಲಿ ಕಣ್ರೀ. ಇನ್ನೊಂದು ಕಳ್ಸಿದ್ರೆ ನನ್ನ ಅಂಗಡಿ ಮುಚ್ತಾರೆ."

"ಮುಚ್ಲಿ. ಕಮ್ಮಿ ತೂಗೋರ ಅಂಗಡಿ ಮುಚ್ಲೇಬೇಕು."

"ನಿಮಗೆ ಕೆಲಸ ಮುಗೀತು, ಮನೇಗ್ ಬಂದ್ರಿ. ನನಗೆ ಅಂಗಡಿ ಅಂತ ಸಿಕ್ಕಿದ್ದೇ ಈಗ."

ಅವರು ಮೊಬೈಲು ತೆಗೆದುಕೊಂಡು ತಾವೇ ವಾಪಸ್ ಒತ್ತಿದರು.

ಮಾರನೆಯ ದಿನ ಪಾರ್ಸೆಲ್ಲಿನ ಯೂಸುಫ್ ಸಾಬರು ಉಲ್ಲನ್ ಒಯ್ಯಲು ಬಂದರು. ಬರುವಾಗ ಇನ್ನೊಂದು ಪುಟ್ಟ ಡಬ್ಬ ತಂದಿದ್ದರು. "ಇದೂ ವಾಪಸ್ಸೇನಮ್ಮ?" ಎಂದು ಕೇಳಿದರು. "ಇದು ಹೋಗಲ್ಲ" ಎಂದರು ಆಕೆ. ಅವರ ಸ್ಕೂಟರು ಬೀದಿ ದಾಟಿದ ಮೇಲೆ ಡಬ್ಬ ಬಿಚ್ಚಿದರು. ಅಂಗೈಯಗಲದ ಕರೆಂಟಿನ ತಕ್ಕಡಿ. ಅದರ ಮೇಲೆ ಏನನ್ನು ಇಡುತ್ತಾರೋ ಎಂದು ನೋಡುತ್ತಿದ್ದೆ. ನನ್ನನ್ನೇ ಎತ್ತಿ ಇಟ್ಟರು.

ಒಂದು ಸಾವಿರದ ಹದಿನೆಂಟು.

"ಆಟದ ಸಾಮಾನು ಅದು" ಎಂದರು ಶಿವನಂಜಪ್ಪನವರು. ಆದರೆ ದನಿಯಲ್ಲಿ ಬಲವಿರಲಿಲ್ಲ. ಅಡುಗೆಮನೆಯ ಚಾಕು ತಂದು ನನ್ನ ಮೈ ಕೆರೆಯತೊಡಗಿದರು. ಪೇಂಟು ಪದರ ಪದರವಾಗಿ ಎದ್ದುಬಂತು, ಹನ್ನೊಂದು ವರ್ಷದ್ದು. ಮತ್ತೆ ಇಟ್ಟರು. ಸರಿಯಾಗಿ ಒಂದು ಸಾವಿರ. ಕೆರೆದ ಪುಡಿಯನ್ನು ಗುಡಿಸಿ ಅದನ್ನೂ ತೂಗಿದರು. ಹದಿನೆಂಟು.

ಸವೆದವನು ನನ್ನ ತಮ್ಮ. ನಾನು ಪೂಜೆ ಮಾಡಿಸಿಕೊಂಡು ಊದಿದೆ. ಆ ಕ್ಷಣದಲ್ಲಿ ನನಗಾದ ಅವಮಾನವನ್ನು ಹೇಳಲಾರೆ. ಅಕ್ಕಿ, ಬಾದಾಮಿ, ಉಲ್ಲನ್, ಎಲ್ಲರೂ ಸತ್ಯ ಹೇಳುತ್ತಿದ್ದರು. ಕಳ್ಳ ಆ ಮನೆಯಲ್ಲಿ ನಾನೊಬ್ಬನೇ.

ಅವರು ಹಳೆಯ ಟ್ರಂಕಿನಿಂದ ಉಳಿ, ಸುತ್ತಿಗೆ ತೆಗೆದರು. ನನ್ನನ್ನು ಬೋರಲು ಹಾಕಿ, ಮುದ್ರೆಯ ಮೇಲೆ ಉಳಿ ಇಟ್ಟು ಒಂದೇ ಏಟು ಹೊಡೆದರು. ಗೆರೆ ಸೊಟ್ಟಗೆ ಬಿತ್ತು.

"ತೂಕದ ಕಲ್ಲಿಗೆ ಶಿಕ್ಷೆ ಆಯ್ತು. ಪೇಂಟ್ ಬಳಿದೋರ್ಗೆ?" ಎಂದು ಕೇಳಿದರು ಆಕೆ. ಅವರು ಉಳಿ, ಸುತ್ತಿಗೆಯನ್ನು ಟ್ರಂಕಿಗೆ ಹಾಕಿ ಮುಚ್ಚಿದರು.

ಸಂಜೆ ಖಾತೆ ಮುಚ್ಚಿದ ಸುದ್ದಿ ಬಂತು. ಶಿವನಂಜಪ್ಪನವರು, "ನನ್ನ ಹೆಸರಲ್ಲಿ ಹೊಸದು ತೆಗ್ಯೋಣ. ಆ ಉಲ್ಲನ್ನೇ ತರಿಸ್ಕೊ" ಎಂದರು.

"ನಿಮ್ಮ ಹೆಸರಿನ ಅಂಗಡಿ ನನಗೆ ಬೇಡ."

ಆಕೆ ಚಪ್ಪಲಿ ಮೆಟ್ಟಿದರು. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ನನ್ನನ್ನು ಎತ್ತಿ ಅದರ ಬುಡಕ್ಕೆ ಒತ್ತಿಟ್ಟು ಪೇಟೆಗೆ ಹೊರಟರು. ಅಂದಿನಿಂದ ಇದೇ ನನ್ನ ಉದ್ಯೋಗ. ಚಪ್ಪಲಿಗಳ ಪಕ್ಕ ಕೂತು ಬಾಗಿಲು ಹಿಡಿದಿರುತ್ತೇನೆ. ಕೆರೆದ ಮೈಗೆ ತುಕ್ಕು ಹಿಡಿಯುತ್ತಿದೆ. ಇಷ್ಟು ವರ್ಷ ಇನ್ನೊಬ್ಬರ ಕೊರತೆ ಹುಡುಕಿದವನು, ಈ ಮನೆಗೆ ಬಂದ ಮೇಲೆ ಒಮ್ಮೆಯೂ ಆ ಕಡೆಯ ತಟ್ಟೆ ಹತ್ತಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಆ ಸಂಜೆ ಆಕೆ ಒಂದು ಗಂಟೆ ಬಿಟ್ಟು ತಿರುಗಿ ಬಂದರು. ಒಂದು ಕೈಯಲ್ಲಿ ಸಕ್ಕರೆಯ ಪೊಟ್ಟಣ, ಇನ್ನೊಂದು ಕೈ ಮುಷ್ಟಿ. ಶೆಟ್ಟರು ಇನ್ನೂ ಗಲ್ಲಾದ ಹಿಂದೆಯೇ ಕೂತಿದ್ದಾರೆ ಎಂದರು. ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತು ಮುಷ್ಟಿ ತೆರೆದರು. ಒಣದ್ರಾಕ್ಷಿ. ಅವರ ಮುಖವನ್ನೇ ನೋಡುತ್ತ, ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ಅವರಿಗೆ ಒಂದನ್ನೂ ಕೊಡಲಿಲ್ಲ. ಅವರೂ ವಾಪಸ್ ಕೊಟ್ಟು ಬಾ ಎನ್ನಲಿಲ್ಲ.