ನಾಗಪ್ಪ ಮಾಸ್ತರರ ಕರಿ ಐದು

ನನ್ನ ಧ್ವನಿ ಕರಿ ಐದು. ಅಲ್ಲ ಎಂದು ಯಾರಾದರೂ ಅಂದಿದ್ದರೆ ಅವರ ಜತೆ ಜಗಳಕ್ಕೇ ನಿಲ್ಲುತ್ತಿದ್ದೆ. ಪೇಟಿ ಎಂದರೆ ಹಾರ್ಮೋನಿಯಂ, ಅದರ ಕಪ್ಪು ಮನೆಗಳಲ್ಲಿ ಐದನೆಯದನ್ನು ಮಾಸ್ತರರು ಒತ್ತಿದರೆ ಅದೇ ನನ್ನ ಷಡ್ಜ, ಅಲ್ಲಿಂದಲೇ ನನ್ನ ಹಾಡು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಊರಿನ ಗಂಡಸರು ನಾಟಕ ಆಡುತ್ತಾರೆ, ಹೆಣ್ಣಿನ ಪಾತ್ರಕ್ಕೆ ನಮ್ಮಂಥವರನ್ನು ಕರೆಸಿಕೊಳ್ಳುತ್ತಾರೆ. ಕರೆಯಲು ಬಂದ ಕಮಿಟಿಯವರು ಮೊದಲು ಕೇಳುತ್ತಿದ್ದದ್ದು ಮುಖ ಹೇಗಿದೆ ಎಂದಲ್ಲ, ಯಾವ ಮನೆಯಲ್ಲಿ ಹಾಡುತ್ತಾಳೆ ಎಂದು. ಬಿಳಿ ನಾಲ್ಕರವರು ಇದ್ದರು, ಕರಿ ಮೂರರವರು ಇದ್ದರು. ಕರಿ ಐದು ಎಂದರೆ ಕೂಡ್ಲಿಗಿ ಹಂಪಕ್ಕ ಒಬ್ಬಳೇ.

ಬಾಯಿ ತೆರೆಯುವ ಮುಂಚೆ ಮಾಸ್ತರರ ಬೆರಳು ನೋಡುವುದು ನನ್ನ ರೂಢಿ. ಬೆರಳು ಸರಿಯಾದ ಮನೆಯ ಮೇಲಿದ್ದರೆ ಹಾಡು, ಇಲ್ಲದಿದ್ದರೆ ಬೈಗುಳ. ಒಮ್ಮೆ ಬಾಗಳಿಯಲ್ಲಿ ಹೊಸ ಮಾಸ್ತರನೊಬ್ಬ ಕೆಳಗಿನ ಮನೆಗೆ ಬೆರಳಿಟ್ಟಾಗ ರಂಗದ ಮೇಲೇ ಕೇಳಿದ್ದೆ, "ನಿನ್ನ ತಂಗಿಗೆ ಹಾಡಸಾಕ ಬಂದೀಯೇನಪ್ಪ, ಇಲ್ಲಾ ನನಗೋ?" ಜನ ನಕ್ಕರು, ಅವನು ಬೆರಳು ಸರಿಸಿದ. ಆಮೇಲೆ ನಾನು ಬೇರೆಯವರ ಗೊಡವೆಗೇ ಹೋಗಲಿಲ್ಲ. ಹಡಗಲಿಯ ನಾಗಪ್ಪ ಮಾಸ್ತರರು ಬಂದರೆ ಮಾತ್ರ ಹಂಪಕ್ಕ ಬರುತ್ತಾಳೆ ಎಂದು ಕಮಿಟಿಯವರಿಗೆಲ್ಲ ಗೊತ್ತಾಗಿಹೋಯಿತು.

ನಾಗಪ್ಪ ಮಾಸ್ತರರದು ನನಗೆ ಪೂರಾ ಉಲ್ಟಾ ಸ್ವಭಾವ. ನಾನು ಹತ್ತು ಮಾತಾಡಿದರೆ ಅವರು ಹ್ಞೂಂ ಎನ್ನುವುದು ಒಂದು ಸಲ. ನಮ್ಮಿಬ್ಬರ ಬಗ್ಗೆ ಬೇರೆ ಏನಾದರೂ ಯೋಚಿಸುವವರಿಗೆ ಈಗಲೇ ಹೇಳಿಬಿಡುತ್ತೇನೆ, ಅಂಥದ್ದೇನೂ ಇರಲಿಲ್ಲ. ಅವರು ಪೇಟಿ ಬಾರಿಸಿದರು, ನಾನು ಹಾಡಿದೆ, ಬೆಳಗಿನ ಬಸ್ಸಿಗೆ ಅವರವರ ಊರಿಗೆ ಹೋದೆವು. ಇಪ್ಪತ್ತೈದು ವರ್ಷ ಹೀಗೇ ನಡೆಯಿತು.

ಆಮೇಲೆ ಮಾಸ್ತರರಿಗೆ ಲಕ್ವಾ ಹೊಡೆಯಿತು. ಎಡಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಪೇಟಿಯ ತಿದಿ ಎಳೆಯುವುದು ಎಡಗೈ, ಹಾಗಾಗಿ ಪೇಟಿಯೂ ಮೂಲೆ ಸೇರಿತು. ಅದೇ ವರ್ಷ ಹರಪನಹಳ್ಳಿಯಲ್ಲಿ ಬೇರೊಬ್ಬ ಮಾಸ್ತರರ ಜತೆ ಹಾಡಲು ನಿಂತೆ. ಬೆರಳು ಕರಿ ಐದರ ಮೇಲೇ ಇತ್ತು, ಕಣ್ಣಾರೆ ನೋಡಿದ್ದೆ. ಮೇಲಿನ ಷಡ್ಜಕ್ಕೆ ಹೋಗುವಾಗ ಕಂಠ ಹರಿಯಿತು. ಹಳೆ ಸೀರೆ ಹರಿದ ಹಾಗೆ ಸದ್ದು ಬಂತು, ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ನೆಗಡಿ ಎಂದು ಸಮಾಧಾನ ಮಾಡಿಕೊಂಡೆ. ಮುಂದೆ ಕೊಟ್ಟೂರಿನಲ್ಲೂ ಹಾಗೇ ಆಯಿತು, ಅಲ್ಲಿಗೆ ಸುದ್ದಿ ಹಬ್ಬಿತು. ಹಂಪಕ್ಕನ ಕಂಠ ಹೋಯಿತಂತೆ ಎಂದರು. ಎರಡು ಸುಗ್ಗಿ ಕಳೆದರೂ ಒಂದು ಕಮಿಟಿ ನನ್ನ ಮನೆಯ ಬಾಗಿಲಿಗೆ ಬರಲಿಲ್ಲ. ಹಾಡುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಅಡಿಗೆಯೂ ಅಷ್ಟಕ್ಕಷ್ಟೇ.

ಎರಡು ಸಾವಿರದ ಆರರ ದೀಪಾವಳಿ ಮುಗಿದ ಮೇಲೆ ಕೊಟ್ಟೂರಿನ ಮೌನೇಶ್ ಬಂದ. ಮದುವೆ ವಿಡಿಯೋಗಳಿಗೆ ಹಾಡು ಕೂಡಿಸಿ ಕೊಡುವ ಅಂಗಡಿ ಅವನದು. ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಒಂದು ಭಾನುವಾರ ಸಂಜೆ ರಂಗಗೀತೆಗಳ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಸಂಗೀತದ ಹೊಣೆ ಅವನ ಮೇಲೆ ಬಿದ್ದಿತ್ತು. ಸುತ್ತಲಿನ ನಾಟಕ ಕಮಿಟಿಗಳೆಲ್ಲ ಬರುವವರಿದ್ದರು. ಹೊಸಹಳ್ಳಿಯ ಚೌಡಣ್ಣ ಬರುತ್ತಾನೆ ಎಂದ. ಚೌಡಣ್ಣ ಯಾರನ್ನು ಗೊತ್ತು ಮಾಡುತ್ತಾನೋ ಉಳಿದ ಕಮಿಟಿಗಳೂ ಅವರನ್ನೇ ಕರೆಯುತ್ತವೆ. ಅಲ್ಲಿ ಕಂಠ ನಿಂತರೆ ನಾನು ಮತ್ತೆ ರಂಗದ ಮೇಲೆ, ಹರಿದರೆ ಕಾಯಂ ಮನೆಯಲ್ಲಿ. ಇಷ್ಟು ಸರಳವಾಗಿತ್ತು ಲೆಕ್ಕ.

"ಪೇಟಿ ಯಾರದು?" ಎಂದೆ.

"ಪೇಟಿ ಇಲ್ರಿ ಅಕ್ಕಾ. ಕೀಬೋರ್ಡು, ಲ್ಯಾಪ್‌ಟಾಪು."

"ಹಂಗಾರ ನಾನೂ ಇಲ್ಲ."

ಅವನು ಹೊರಟ ಹಾಗೆ ಮಾಡಿ, ಬಾಗಿಲಲ್ಲಿ ನಿಂತು, "ನಾಗಪ್ಪ ಮಾಸ್ತರ ಪೇಟಿನ ಅದರಾಗ ಇಟ್ಟರ ಬರ್ತೀರೇನ್ರಿ?" ಎಂದ. ಹುಚ್ಚು ಹಿಡಿದಿರಬೇಕು ಎಂದುಕೊಂಡೆ. ಆದರೂ ಮರುದಿನ ಅವನ ಜತೆ ಹಡಗಲಿಗೆ ಹೋದೆ. ಏನು ಮಾಡುತ್ತಾನೆ ನೋಡೋಣ ಎನ್ನುವುದೂ ಇತ್ತು, ಮಾಸ್ತರರನ್ನು ನೋಡಿ ಬಹಳ ದಿನ ಆಗಿದ್ದೂ ಇತ್ತು.

ವಿಷಯ ಕೇಳಿದ ಮಾಸ್ತರರು ತಲೆ ಅಲ್ಲಾಡಿಸಿದರು. "ಬ್ಯಾಡ. ನನ್ನ ಪೇಟಿ ಬ್ಯಾಡ," ಎಂದರು. ಅವರು ಹಾಗೆ ಖಡಕ್ಕಾಗಿ ಏನನ್ನೂ ಬೇಡ ಎಂದವರಲ್ಲ. ನನಗೆ ಸಿಟ್ಟು ಬಂತು. "ಮೂಲ್ಯಾಗ ಇಲಿ ತಿನ್ನಾಕ ಇಟ್ಟೀರೇನ್ರಿ ಮಾಸ್ತರ? ನನ್ನ ಜೀವನದ ಪ್ರಶ್ನಿ ಐತಿ," ಎಂದು ಕೂಗಾಡಿದೆ. ಅವರ ಹೆಂಡತಿ ಗುರುಬಸಮ್ಮ ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಮಾಸ್ತರರು ನನ್ನ ಮುಖವನ್ನೇ ನೋಡುತ್ತ ಕೂತು, ಕೊನೆಗೆ ಕೈಯಿಂದ ಮೂಲೆ ತೋರಿಸಿದರು.

ಮೌನೇಶ್ ತಿದಿಗೆ ಅಂಟು ಹಾಕಿ, ಮೈಕು ಹತ್ತಿರ ಇಟ್ಟು, ಒಂದೊಂದೇ ಮನೆ ಒತ್ತಿ ಧ್ವನಿ ತುಂಬಿಕೊಂಡ. ಪೇಟಿಯ ಯಾವ ಮನೆಯ ಧ್ವನಿಯೋ ಅದನ್ನು ಕೀಬೋರ್ಡಿನ ಅದೇ ಮನೆಗೆ ಕೂಡಿಸಿದ. ಇಡೀ ದಿನ ಹಿಡಿಯಿತು. ಬೀದಿಯಲ್ಲಿ ಕೋಳಿ ಕೂಗಿದರೆ ಮತ್ತೆ ಮೊದಲಿಂದ.

ಮುಗಿದ ಮೇಲೆ ಕೀಬೋರ್ಡನ್ನು ನನ್ನ ಮುಂದಿಟ್ಟು ಒತ್ತಿ ನೋಡ್ರಿ ಎಂದ. ಒತ್ತಿದೆ. ಟಕ್ ಟಕ್ ಎಂದಿತು, ಅಷ್ಟೇ.

"ಮೂಕ ಐತಲ್ಲೋ ಇದು."

"ಇದರಾಗ ಧ್ವನಿ ಇರಂಗಿಲ್ರಿ ಅಕ್ಕಾ. ಯಾವ ಮನಿ ಒತ್ತಿದ್ರಿ, ಎಷ್ಟು ಜೋರ ಒತ್ತಿದ್ರಿ, ಅಷ್ಟ ಸುದ್ದಿ ಈ ವೈರಿನಾಗ ಹೋಗತೈತಿ. ಹಾಡೋದು ಲ್ಯಾಪ್‌ಟಾಪು. ಎಡಗಡಿ ಮನಿಗಳ ಸುದ್ದಿ ಒಂದನೇ ಚಾನಲ್‌ನಾಗ ಹೋಗತೈತಿ, ಅದನ್ನ ಮಾಸ್ತರ ಪೇಟಿ ಕೇಳತೈತಿ. ಬಲಗಡಿದು ಎರಡನೇ ಚಾನಲ್. ಅದನ್ನ ಸನಾದಿಗೆ ಕೊಡತೀನಿ. ಸನಾದಿ ಸಿಡಿ ಅಂಗಡ್ಯಾಗ ಐತಿ, ಆಮ್ಯಾಲ ಹಾಕತೀನಿ. ವೈರು ಒಂದ, ಒಬ್ಬರ ಸುದ್ದಿ ಒಬ್ಬರು ಮುಟ್ಟಂಗಿಲ್ಲ."

ಒಂದೇ ಕೇಬಲ್ಲಿನಲ್ಲಿ ಧಾರಾವಾಹಿಯೂ ಕ್ರಿಕೆಟ್ಟೂ ಬರುವುದಿಲ್ಲವೇ, ಹಾಗೆ ಎಂದು ನಾನು ತಿಳಿದುಕೊಂಡೆ. ಅವನು ವೈರು ಸಿಕ್ಕಿಸಿ ಕರಿ ಐದು ಒತ್ತಿದ.

ಮೈ ಜುಮ್ಮೆಂದಿತು. ಮಾಸ್ತರರ ಪೇಟಿ. ಅದರದೇ ಮೂಗಿನ ಧ್ವನಿ, ಅದರದೇ ತಿದಿಯ ಉಸಿರು. ಪೇಟಿ ಮುಚ್ಚಿ ಮೂಲೆಯಲ್ಲಿದೆ, ಮಾಸ್ತರರು ಕೈ ಮಡಿಚಿ ಮಂಚದ ಮೇಲೆ ಕೂತಿದ್ದಾರೆ, ಪೇಟಿ ನುಡಿಯುತ್ತಿದೆ. ಗುರುಬಸಮ್ಮ ಅಡುಗೆಮನೆಯಿಂದ ಓಡಿ ಬಂದು ಗಂಡನ ಕೈ ನೋಡಿದಳು. ನಾನು ಕಣ್ಣೊರೆಸಿಕೊಂಡು ಹಾಡಲು ಶುರು ಮಾಡಿದೆ.

ಕಂಠ ಬಂತು. ಎರಡು ವರ್ಷದಿಂದ ಹರಿಯುತ್ತಿದ್ದ ಕಂಠ ಸಲೀಸಾಗಿ ಮೇಲಿನ ಷಡ್ಜ ಮುಟ್ಟಿ ನಿಂತಿತು. ಅವನ ಬೆರಳು ನೋಡಿದೆ, ಕರಿ ಐದರ ಮೇಲೇ ಇತ್ತು. ನನ್ನ ಕಂಠ ಎಲ್ಲೂ ಹೋಗಿರಲಿಲ್ಲ, ಈ ಪೇಟಿಯೊಳಗೇ ಇತ್ತು ಎಂದು ನಂಬಿಬಿಟ್ಟೆ. ದೇವರ ಮುಂದೆ ಕೂತಾಗಲೂ ನನಗೆ ಅಷ್ಟು ಭಕ್ತಿ ಹುಟ್ಟಿದ್ದಿಲ್ಲ. ಮಾಸ್ತರರು ಮಾತ್ರ ಗೋಡೆ ನೋಡುತ್ತ ಕೂತಿದ್ದರು. ಪೇಟಿ ಕೈ ಬಿಟ್ಟಿತಲ್ಲ ಎಂದು ಸಂಕಟ ಇರಬೇಕು ಎಂದುಕೊಂಡೆ.

ಭಾನುವಾರ ಸಂಜೆ ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ಚೌಡಣ್ಣ ಎಲೆ ಅಡಿಕೆ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಡಗಲಿಯಿಂದ ಕಾರು ಮಾಡಿಕೊಂಡು ಗುರುಬಸಮ್ಮ ಮಾಸ್ತರರನ್ನು ಕರೆತಂದಿದ್ದಳು, ಅವರೂ ಅದೇ ಸಾಲಿನಲ್ಲಿ. ತಬಲಾ ಮಂಜಣ್ಣ ಪೇಟಿಯ ಧ್ವನಿ ಕೇಳಿ ತಬಲಾ ಕೂಡಿಸಿಕೊಂಡ. ಮೌನೇಶ್ ತಡವಾಗಿ ಬಂದಿದ್ದ, ಸನಾದಿಯನ್ನು ಎರಡನೇ ಚಾನಲ್‌ಗೆ ಆಗಷ್ಟೇ ಕೂಡಿಸಿ ಮುಗಿಸಿದ್ದ. ಬಾರಿಸಿ ನೋಡಲು ಹೊತ್ತಿರಲಿಲ್ಲ, ನನ್ನ ಹೆಸರು ಕೂಗಿದರು.

ಬೆರಳು ನೋಡಿದೆ. ಕರಿ ಐದು. ಹಾಡಿದೆ. ಮೊದಲ ನುಡಿ ಮುಗಿಯುವ ಹೊತ್ತಿಗೆ ಚೌಡಣ್ಣನ ಬಾಯಿ ಅಗಿಯುವುದು ನಿಂತಿತ್ತು. ಹಿಂದಿನ ಸಾಲುಗಳಲ್ಲಿ ಯಾರೋ "ಹಂಪಕ್ಕ ಅಂದ್ರ ಹಂಪಕ್ಕನ ಬಿಡೋ" ಎಂದದ್ದೂ ಕಿವಿಗೆ ಬಿತ್ತು. ನುಡಿಯ ಕೊನೆಗೆ ಸನಾದಿ ಉತ್ತರ ಕೊಡಬೇಕು. ಮೌನೇಶ್ ಬಲಗೈಯನ್ನು ಆಚೆ ಕಡೆಯ ಕರಿ ಐದಕ್ಕೆ ಇಟ್ಟ.

ಸನಾದಿ ಬೇರೆಲ್ಲಿಂದಲೋ ಕೂಗಿತು. ಪೇಟಿ ಕೆಳಗೆ, ಸನಾದಿ ಮೇಲೆ. ಎರಡೂ ಒಂದಕ್ಕೊಂದು ಹಲ್ಲು ಕಡಿದ ಹಾಗೆ ಆಯಿತು, ಜನ ಮುಖ ಕಿವುಚಿದರು. ಮೌನೇಶ್ ಎರಡೂ ಕೈ ಎತ್ತಿಬಿಟ್ಟ. ಮಂಜಣ್ಣ ತಬಲಾ ನಿಲ್ಲಿಸಿದ.

"ಚಾನಲ್ ತಪ್ಪೀಯೇನೋ?" ಎಂದೆ, ಮೈಕಿಗೆ ಕೈ ಮುಚ್ಚಿ.

ಅವನ ಹಣೆಯ ಮೇಲೆ ಬೆವರು. "ಚಾನಲ್ ಸರಿ ಅದಾವ್ರಿ ಅಕ್ಕಾ. ಎರಡೂ ಕರಿ ಐದ. ಸನಾದಿ ಕಂಪನಿ ಸಿಡಿದು, ಅದು ತಪ್ಪಂಗಿಲ್ಲ." ಹಾಗೆಂದವನು ಸನಾದಿಯ ಮನೆಯನ್ನು ಮತ್ತೊಮ್ಮೆ ಮೆಲ್ಲಗೆ ಒತ್ತಿದ.

ಆ ಧ್ವನಿ ನನಗೆ ಗೊತ್ತಿತ್ತು. ಹರಪನಹಳ್ಳಿಯಲ್ಲಿ ನನ್ನ ಕಂಠ ಹರಿದದ್ದು ಅದರ ಮೇಲೆ. ಅದಕ್ಕೂ ಹಿಂದೆ, ಬಹಳ ಹಿಂದೆ, ಇಪ್ಪತ್ತೈದರ ಹುಡುಗಿಯಾಗಿದ್ದಾಗ ನಾನು ನಿಂತು ಆಟ ಆಡುತ್ತಿದ್ದದ್ದೂ ಅದರ ಮೇಲೆಯೇ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಮಾಸ್ತರರು ಗುರುಬಸಮ್ಮನ ಹೆಗಲು ಹಿಡಿದು ಎದ್ದು ನಿಂತಿದ್ದರು. ತೊದಲುತ್ತಲೇ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಸನಾದಿ ಇಳಸಪ್ಪ. ಮೂರು ಮನಿ."

ಮೌನೇಶ್‌ಗೆ ಅರ್ಥವಾಗಲಿಲ್ಲ. "ಮೂರ ಯಾಕ್ರಿ ಮಾಸ್ತರ?"

ನನಗೆ ಅರ್ಥವಾಯಿತು. ಪೇಟಿಯೊಳಗೆ ಧ್ವನಿ ಕೊಡುವ ಹಿತ್ತಾಳೆಯ ರೀಡುಗಳು ಇರುತ್ತವೆ, ಮನೆಗೊಂದು. ಅವನ್ನು ಬಿಚ್ಚಿ ಪಕ್ಕದ ಮನೆಗೆ ಸರಿಸಿದರೆ ಬೆರಳು ಇದ್ದಲ್ಲೇ ಇರುತ್ತದೆ, ಧ್ವನಿ ಇಳಿಯುತ್ತದೆ. ಮಾಸ್ತರರು ರಿಪೇರಿಗೆಂದು ಪೇಟಿ ಹೊತ್ತುಕೊಂಡು ಗದಗಿಗೆ ಹೋಗಿ ಬರುತ್ತಿದ್ದದ್ದು, ಬಂದ ಮೇಲೆ ನಾನು "ಪೇಟಿ ಈಗ ಛಲೋ ಆತು ನೋಡ್ರಿ" ಎನ್ನುತ್ತಿದ್ದದ್ದು, ಎಲ್ಲ ಒಮ್ಮೆಲೇ ಎದುರಿಗೆ ಬಂತು. ತಬಲಾದವನು ಪೇಟಿಗೆ ಕೂಡಿಸಿಕೊಳ್ಳುತ್ತಾನೆ, ಉಳಿದ ಪಾತ್ರಧಾರಿಗಳು ಪೇಟಿ ಹೇಳಿದ ಹಾಗೆ ಹಾಡುತ್ತಾರೆ. ಯಾರಿಗೂ ಗೊತ್ತಾಗುವ ದಾರಿಯೇ ಇರಲಿಲ್ಲ. ನಾನಂತೂ ಬೆರಳು ನೋಡಿಕೊಂಡು ಮೆರೆಯುತ್ತಿದ್ದೆ.

"ಎಷ್ಟು ವರ್ಷ ಆತ್ರಿ ಮಾಸ್ತರ?" ಮೈಕಿನಿಂದ ಕೈ ತೆಗೆದದ್ದು ನನಗೇ ತಿಳಿಯಲಿಲ್ಲ, ಪ್ರಶ್ನೆ ಇಡೀ ಮಂಟಪಕ್ಕೆ ಕೇಳಿತು.

"ಹದಿನೈದು ಆಗಿರಬೇಕು," ಎಂದರು. "ನಿನ್ನ ಕಂಠ ಇಳಿಯಾಕ ಹತ್ತಿತ್ತು. ನಾನೂ ಇಳಿಸಿಕೋತ ಬಂದೆ. ನೀ ಬೆರಳು ನೋಡತಿದ್ದಿ, ಅದಕ್ಕ ಬೆರಳು ಸರಿಸಲಿಲ್ಲ."

ಚೌಡಣ್ಣ ಎದುರಿಗೇ ಇದ್ದ. ಕರಿ ಐದರ ಹಂಪಕ್ಕನದು ಕರಿ ಐದಲ್ಲ ಎಂದು ಎಲ್ಲ ಕಮಿಟಿಗಳೂ ಒಟ್ಟಿಗೆ ಕೇಳಿಸಿಕೊಂಡಿದ್ದವು. ಮೊದಲು ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು, ಎಂಥ ಸಿಟ್ಟೆಂದರೆ ಮೈಕು ಎಸೆದು ಇಳಿದುಬಿಡಬೇಕು ಅನ್ನಿಸಿತು. ಆದರೆ ಇಳಿಯಲಿಲ್ಲ. ನನ್ನ ಕಂಠ ಒಂದು ಮೆಟ್ಟಿಲು ಇಳಿದಾಗಲೆಲ್ಲ ಒಬ್ಬ ಮನುಷ್ಯ ಪೇಟಿ ಹೊತ್ತು ಬಸ್ಸು ಹತ್ತಿ ಹೋಗಿ, ಅದನ್ನು ಬಿಚ್ಚಿಸಿ, ನಾನು ಬೀಳುವ ಜಾಗಕ್ಕೆ ಮುಂಚೆಯೇ ಬಂದು ನಿಂತಿದ್ದ. ಹದಿನೈದು ವರ್ಷ. ನನ್ನ ಬೈಗುಳ ತಿನ್ನುತ್ತ, ಹ್ಞೂಂ ಎನ್ನುತ್ತ. ನನ್ನ ಕಂಠ ಅಷ್ಟು ಗೊತ್ತಿದ್ದದ್ದು ನನಗಲ್ಲ, ಅವರಿಗೆ. ಇಂಥದ್ದನ್ನು ನನಗಾಗಿ ಯಾರೂ ಮಾಡಿರಲಿಲ್ಲ, ಕೈ ಹಿಡಿದವನೂ ಮಾಡಿರಲಿಲ್ಲ.

"ಮಾಸ್ತರ ಹೇಳಿದ್ದು ಕೇಳಲಿಲ್ಲೇನೋ?" ಎಂದೆ ಮೌನೇಶ್‌ಗೆ. "ಇಳಸು."

ಅವನು ಎರಡನೇ ಚಾನಲ್ ಮೇಲೆ ಬಾಣದ ಗುರುತು ಒತ್ತಿದ. ಒಂದು, ಎರಡು, ಮೂರು. ಎಡಗೈಯಲ್ಲಿ ಪೇಟಿ, ಬಲಗೈಯಲ್ಲಿ ಸನಾದಿ, ಎರಡನ್ನೂ ಕೂಡಿಸಿ ಒತ್ತಿದ. ಎರಡೂ ಒಂದಾಗಿ ಹೋದವು. ಮಂಟಪದ ತಗಡು ಝುಂ ಎಂದಿತು. ಮೂಕ ಹಲಗೆಯೊಂದರಿಂದ, ಒಂದು ವೈರಿನಿಂದ, ಮಾಸ್ತರರ ತಿದಿಯ ಉಸಿರೂ ಎಲ್ಲಿಯವನೋ ಗುರುತಿಲ್ಲದವನ ಸನಾದಿಯೂ ನಾನಿದ್ದ ಕಡೆಗೆ ಇಳಿದು ಬಂದು ನಿಂತಿದ್ದವು. ಕೈಕಾಲಿನ ರೋಮ ನಿಂತಿತು. ಹಾಡಿದೆ. ಬೆರಳು ನೋಡಲಿಲ್ಲ, ಕಣ್ಣು ಮುಚ್ಚಿ ಹಾಡಿದೆ. ನನ್ನ ಧ್ವನಿ ದಪ್ಪಗಿದೆ, ಅದರಲ್ಲೊಂದು ಕತ್ತಲೆಯಿದೆ ಎಂದು ಅವತ್ತೇ ಮೊದಲ ಸಲ ನನಗೆ ಕೇಳಿಸಿತು.

ಹಾಡು ಮುಗಿದಾಗ ಚಪ್ಪಾಳೆ ತಡವಾಗಿ ಬಂತು, ಬಂದದ್ದು ಬೇಗ ನಿಲ್ಲಲಿಲ್ಲ. ಚೌಡಣ್ಣ ರಂಗದ ಅಂಚಿಗೆ ಬಂದು, "ಹಂಪಕ್ಕ, ನಮ್ಮೂರ ನಾಟಕಕ್ಕ ನೀವ ಬರಬೇಕು. ಯಾವ ಮನಿ ಅಂತ ನಾ ಕೇಳಂಗಿಲ್ಲ," ಎಂದ. ಆಗಲಿ ಎಂದು ತಲೆಯಾಡಿಸಿ ನಾನು ಕೆಳಗಿಳಿದು ಮಾಸ್ತರರ ಕುರ್ಚಿಯ ಹತ್ತಿರ ಹೋದೆ. ಅವರು ನೆಲ ನೋಡುತ್ತಿದ್ದರು.

"ಸಿಟ್ಟಾಗೀಯೇನು?" ಎಂದರು.

"ಆಗೀನಿ," ಎಂದೆ. "ಇನ್ನೊಂದು ಪದ ಹಾಡೋದೈತಿ. ಮ್ಯಾಲಿನ ಷಡ್ಜ ಬಿಗಿ ಆಗಾಕ ಹತ್ತೇತಿ ಮಾಸ್ತರ. ಆ ಹುಡುಗಗ ಎರಡೂ ಚಾನಲ್ ಇನ್ನೊಂದು ಮನಿ ಇಳಸಂತ ಹೇಳ್ರಿ."