ಗುರುಲಿಂಗಮ್ಮನ ಒಪ್ಪತ್ತು

ಗಂಡ ಅಮರಗುಂಡಪ್ಪನ ರುಮಾಲು ಬಿಚ್ಚಿ ಮಡಚುತ್ತಿದ್ದ ಗುರುಲಿಂಗಮ್ಮನ ಕೈಗೆ ಅದರ ತುದಿಯಲ್ಲೊಂದು ಗಂಟು ಸಿಕ್ಕಿತು. ಅಡಿಕೆ ಇರಬೇಕೆಂದು ಬಿಚ್ಚಿದಳು. ಬಿಳಿ ಗುಳಿಗೆಗಳು ಉಡಿಯೊಳಗೆ ಉದುರಿದವು.

ಸಿಂಧನೂರಿನ ದವಾಖಾನೆಯ ಮಂಚದ ಮೇಲೆ ಅವನು ಕಣ್ಣು ಮುಚ್ಚಿ ಮಲಗಿದ್ದ. ಬೇಸಿಗೆಯಲ್ಲಿ ಮೊದಲ ಸಲ ಎದೆ ಹಿಡಿದಾಗ, ದಿನಾ ಬೆಳಿಗ್ಗೆ ಉಂಡ ಮೇಲೆ ನುಂಗಬೇಕು, ಒಂದು ದಿನವೂ ಬಿಡಬಾರದು ಎಂದು ಡಾಕ್ಟರು ಕೊಟ್ಟಿದ್ದ ಗುಳಿಗೆ ಇವು. ಅವನು ಬದುಕಿ ಮನೆಗೆ ಬಂದ ದಿನವೇ ಅವಳು ಅಮರೇಶ್ವರನಿಗೆ ಹರಕೆ ಹೊತ್ತಿದ್ದಳು: ಶ್ರಾವಣ ಮುಗಿಯುವ ತನಕ ಒಪ್ಪತ್ತು, ರಾತ್ರಿಯಷ್ಟೇ ಊಟ. ಇವತ್ತು ಮತ್ತೆ ಎದೆ ಹಿಡಿದಿತ್ತು. ಗೊರೇಬಾಳದಿಂದ ಬಂಡಿಯಲ್ಲಿ ತಂದಾಗ ಕಂಪೌಂಡರ್ ಕರೀಂಸಾಬ್, "ಗುಳಿಗಿ ಬರೋಬ್ಬರಿ ತಗೊಂಡಾರೇನಬೇ ಯವ್ವಾ?" ಎಂದು ಕೇಳಿದ್ದ. ದಿನಾ ಹೊಲಕ್ಕೆ ಬುತ್ತಿಯ ಜೊತೆ ಕೈಯಾರೆ ಕೊಟ್ಟಿದ್ದೇನೆಂದು ಆಣೆ ಮಾಡಿ ಹೇಳಿದ್ದಳು.

"ಏನ್ರೀ ಇವು?"

ಅವನು ಕಣ್ಣು ತೆರೆದ. "ಸಿಕ್ಕೇಬಿಟ್ವಾ?"

"ಯಾಕ ನುಂಗಲಿಲ್ಲ?"

"ಉಂಡ ಮ್ಯಾಲ ತಗೋ ಅಂದಿದ್ರು. ನಾ ಉಂಡಿದ್ರಲ್ಲೇನು?"

"ದಿನಾ ಕಟ್ಟಿಕೊಟ್ಟ ರೊಟ್ಟಿ?"

"ಕೆಂದೆತ್ತಿಗೆ ಹಾಕತಿದ್ದೆ."

"ಅದಕ್ಕ ಆ ಎತ್ತು ಮದಿಮಗನ್ಹಂಗ ಮಿಂಚಾಕತ್ತಿತ್ತು!" ಬೈಯಲು ಹೊರಟವಳ ದನಿ ಒಡೆಯಿತು.

"ನನ್ನ ಜೀವದ ಸಲುವಾಗಿ ನೀ ಹೊಟ್ಟಿ ಕಟ್ಟಿಕೊಂಡು ಕೆಸರಾಗ ನಾಟಿ ಹಚ್ಚತಿದ್ದಿ. ಕಾಲುವಿ ದಂಡಿಮ್ಯಾಲ ಕುಂತು ನಾ ಒಬ್ಬನ ಹೆಂಗ ಉಣ್ಲಿ?" ಅವನು ಉಸಿರಿಗಾಗಿ ತಡೆದ. "ಶ್ರಾವಣ ಮುಗೀಲಿ, ಇಬ್ರೂ ಕೂಡಿ ಉಣ್ಣೂಣು, ಆಮ್ಯಾಲ ಎಲ್ಲಾ ನುಂಗಿದ್ರಾತು ಅಂತ ಕಟ್ಟಿಟ್ಟಿದ್ದೆ."

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ನೆರೆಮನೆಯ ಆದೆಮ್ಮ ಬಂಡಿಯಲ್ಲಿ ಇಟ್ಟು ಕಳಿಸಿದ್ದ ಬುತ್ತಿಯನ್ನು ಗುರುಲಿಂಗಮ್ಮ ಬಿಚ್ಚಿದಳು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ಜೋಳದ ರೊಟ್ಟಿ ಮುರಿದು ತನ್ನ ಬಾಯಿಗೇ ಇಟ್ಟುಕೊಂಡಳು.

"ನೋಡ್ರಿ, ಒಪ್ಪತ್ತು ಮುರದೀನಿ. ಹಾಡಹಗಲ ಉಣ್ಣಾಕತ್ತೀನಿ. ದೇವರು ನನ್ನ ಬೈಯಲಿ. ಈಗ ನೀವೂ ಒಂದ ತುತ್ತು ತಗೋರಿ, ಆಮ್ಯಾಲ ಗುಳಿಗಿ."

ಅವನು ಅವಳು ಅಗಿಯುವುದನ್ನೇ ನೋಡುತ್ತಿದ್ದ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬಿದವನಂತೆ ಮುಖ ಸಡಿಲವಾಗಿತ್ತು. ಅವಳು ಉಡಿಯಿಂದ ಒಂದು ಗುಳಿಗೆ ಎಡಗೈಗೆ ತೆಗೆದುಕೊಂಡು, ತುತ್ತನ್ನು ಅವನ ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಕಣ್ಣುಗಳು ಮಾತ್ರ ಅವಳ ಮೇಲೆಯೇ ನಿಂತಿದ್ದವು.

ಕರೀಂಸಾಬ್ ಬಂದು ಮಣಿಕಟ್ಟು ಹಿಡಿದು ನೋಡಿದ. "ಯವ್ವಾ..." ಎಂದು ನಿಲ್ಲಿಸಿದ.

"ಸ್ವಲ್ಪ ತಡಿಯಪ್ಪಾ," ಎಂದಳು ಅವಳು. "ಉಣ್ಣಲಿ."

ಬಾಯೊಳಗಿನ ರೊಟ್ಟಿ ಇನ್ನೂ ಇಳಿದಿರಲಿಲ್ಲ. ಬಿಗಿಹಿಡಿದ ಎಡಗೈಯಲ್ಲಿ ಗುಳಿಗೆ ಬೆವರಿಗೆ ನೆನೆದು, ಬೆರಳಿನ ಸಂದಿಗೆ ಬಿಳಿಯಾಗಿ ಇಳಿಯುತ್ತಿತ್ತು.