ಕೇರಿಯಲ್ಲಿ ಓಡುವ ಜೀಪು

"ಕುಂಟಿ ಆದ್ರ ಕುಂಟಿ ಆದ್ಲು, ಸತ್ತಿಲ್ಲಲ್ಲ! ಅದಕ್ಯಾಕ ವಾಡೇದ ಮುಂದ ಬಂದು ಬಾಯಿ ಬಡಕೋತೀ, ಬೋಸುಡಿ?"

ಭೀಮರಾಯ ಪಾಟೀಲ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹೊಲಗೇರಿಯ ಚನ್ನವ್ವ ಕೆಳಗೆ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಮಗಳು ಹಾಲವ್ವ. ಸುಗ್ಗಿಯ ಹೊತ್ತಿಗೆ ಪಾಟೀಲನ ಜೀಪು ಆ ಹುಡುಗಿಯ ಪಾದದ ಮೇಲೆ ಹಾದು ಹೋಗಿತ್ತು.

"ಆದದ್ದು ಆತ್ರಿ ಗೌಡ್ರ. ಮದ್ಲ ಹಾರನ್ ಕೇಳಿದ್ರ ಓಡಿ ಬಾಜೂಕ ಸರೀತಿತ್ತು ಕೂಸು. ಈಗ ಓಡಾಕ ಬರಂಗಿಲ್ಲ. ಬಾವಿ ನೋಡಿದ್ರ ರಸ್ತಾದ ಆಚೀಕಡಿ ಐತಿ. ಕೇರ್ಯಾಗ ಅಷ್ಟ ಸಾವಕಾಶ ಹೊಡಿಯಾಕ ಹೇಳ್ರಿ."

"ಸಾವಕಾಶ ಹೋದ್ರ ನಿಮ್ಮ ಗಾಳಿ ಯಾರು ಕುಡೀಬೇಕು? ನಿಮ್ಮಪ್ಪ?"

ಜತ್ತದ ಅರಸರ ರಾಜ್ಯ ಹೋಗಿ ಸರಕಾರ ಬಂದಿತ್ತು. ಕೇರಿಯ ಪಾಲಿಗೆ ಬಂದ ಸ್ವರಾಜ್ಯವೆಂದರೆ ಈ ಜೀಪು ಒಂದೇ. ಅದಕ್ಕೂ ಮಡಿಯಿತ್ತು. ಮಠದ ಮುಂದೆ ನಿಂತು ಕೈಮುಗಿದು ಹೋಗುತ್ತಿತ್ತು, ಪೇಟೆಯಲ್ಲಿ ಕೋಳಿ ಅಡ್ಡ ಬಂದರೂ ಕಾಯುತ್ತಿತ್ತು. ಕೇರಿ ಬಂತೆಂದರೆ ಮಾತ್ರ, ಮೈಲಿಗೆ ಗಾಳಿ ತಾಗಬಾರದೆಂದು, ಡ್ರೈವರ್ ಶಿದ್ರಾಯ ಬಾಲ ಸುಟ್ಟ ಬೆಕ್ಕಿನಂತೆ ಓಡಿಸುತ್ತಿದ್ದ. ಹಾಗೆಂದು ಪಾಟೀಲನದೇ ಹುಕುಂ. ಆ ರಸ್ತೆಗೆ ಬಿಟ್ಟಿಯಲ್ಲಿ ಖಡಿ ಒಡೆದವರು ಕೇರಿಯವರು. ಒಡೆದ ಕಲ್ಲು ಶುದ್ಧ, ಒಡೆದವರ ಉಸಿರು ಮೈಲಿಗೆ! ಪಾಟೀಲನ ಶಾಸ್ತ್ರ ಅವನ ಹೊಟ್ಟೆಯ ಹಾಗೆ, ಬೇಕಾದ ಕಡೆಗೆ ಹಿಗ್ಗುತ್ತಿತ್ತು.

ಚನ್ನವ್ವನ ಮೈದುನ ಲಗಮಣ್ಣ ಕೇರಿಯ ಗಂಡಸರನ್ನು ಕರೆದುಕೊಂಡು ರಸ್ತೆಗೆ ಅಡ್ಡಲಾಗಿ ಎರಡು ಮಣ್ಣಿನ ದಿಬ್ಬ ಹಾಕಿದ. ಮರುದಿನವೇ ಪಾಟೀಲನ ಆಳುಗಳು ಬಡಿಗೆ ಹಿಡಿದು ಬಂದರು. ಗುದ್ದಲಿ ಮುಟ್ಟಗೊಡಲಿಲ್ಲ. ದಿಬ್ಬವನ್ನು ಲಗಮಣ್ಣನೇ ಉಗುರಿನಿಂದ ಕೆದರಿ ಕೆದರಿ ಸಮ ಮಾಡಬೇಕಾಯಿತು. ಹೆಂಡತಿ, ಮಕ್ಕಳು, ಇಡೀ ಕೇರಿ ನೋಡುತ್ತಿತ್ತು.

ಅಷ್ಟರಲ್ಲಿ ಜತ್ತದಿಂದ ತಾಲೂಕಿನ ಸಾಹೇಬ, ಮಾಮಲೇದಾರ, ಹಳ್ಳಿ ನೋಡುವ ಫಿರತಿಗೆ ಬಂದ. ಉಂಡದ್ದು ಪಾಟೀಲನ ಮನೆಯಲ್ಲಿ. ಚನ್ನವ್ವ, ಹಾಲವ್ವ, ಲಗಮಣ್ಣ ಅಹವಾಲು ಹೇಳಲು ಅಂಗಳದ ಬಿಸಿಲಲ್ಲಿ ಕಾದರು. ಸಾಹೇಬ ಹೋಳಿಗೆಯ ತೇಗು ತೇಗುತ್ತಾ ಹೊರಗೆ ಬಂದು ಕೇಳಿಸಿಕೊಂಡ.

"ರಸ್ತಾ ಮೋಟಾರಿಗೆ ಮಾಡ್ಯಾರ, ಬಾಯಿ. ಪೋರಗೋಳು ಆಡಾಕಲ್ಲ."

"ಆಡಾಕಲ್ರಿ ಸಾಹೇಬ್ರ, ನೀರಿಗೆ ಹೋಗತಾವ."

"ಹಂಗಾರ ಬಾವೀನ ಈಚೀಕಡಿ ಎತ್ತಿಟ್ಕೋರಿ!"

ತನ್ನ ಮಾತಿಗೆ ತಾನೇ ನಕ್ಕ. ಪಾಟೀಲನೂ ನಕ್ಕ. ನಕ್ಕು ಮುಗಿಸಿ ಲಗಮಣ್ಣನ ಕಡೆ ತಿರುಗಿದ.

"ಏ ಲಗಮ್ಯಾ, ಕೊಟಗ್ಯಾಗ ಎತ್ತು ಸತ್ತೈತಿ. ಲಗೂನ ಎಳದು ಹಳ್ಳಕ್ಕ ಒಗೀರಿ. ಆಮ್ಯಾಲ ಸಾಹೇಬ್ರನ್ನ ಜೀಪಿನ್ಯಾಗ ಬಿಟ್ಟು ಬರೂದೈತಿ."

ಸತ್ತ ದನ ಎಳೆಯುವುದು ಕೇರಿಯ ಪಾಲು. ಬೇರೆ ಯಾರೂ ಮುಟ್ಟುವಂತಿಲ್ಲ. ಹಗ್ಗ ಕಟ್ಟಿ ಲಗಮಣ್ಣ ಸೇರಿ ನಾಲ್ವರು ಎಳೆದರು. ಚನ್ನವ್ವ ಮಗಳ ಕೈ ಹಿಡಿದು ಹಿಂದೆ ನಡೆದಳು. ಕೇರಿಯಲ್ಲಿ, ಒಂದು ಕಡೆ ಗೋಡೆ ಒಂದು ಕಡೆ ಪಾಪಾಸುಕಳ್ಳಿ ಇದ್ದ ಇಕ್ಕಟ್ಟಿನಲ್ಲಿ, ಆಕೆ ಹಗ್ಗದ ಮೇಲೆ ಕಾಲಿಟ್ಟಳು.

"ಇಲ್ಲೇ ಬಿಡ್ರಿ."

"ವೈನಿ, ಹಳ್ಳ ಇನ್ನೂ ದೂರ ಐತಿ," ಲಗಮಣ್ಣ ಅತ್ತಿಗೆಗೆ ಅಂದ.

"ನನಗೇನ್ ಕಣ್ಣಿಲ್ಲೇನೋ? ಅಡ್ಡ ಮಲಗಸ್ರಿ ಅದನ್ನ."

ಲಗಮಣ್ಣ ಆಕೆಯ ಮುಖ ನೋಡಿದ. ಆಮೇಲೆ ಎತ್ತಿನ ಕೊಂಬು ಹಿಡಿದು ತಿರುಗಿಸಿದ.

ಜೀಪು ಎಂದಿನಂತೆ ಧೂಳೆಬ್ಬಿಸಿಕೊಂಡು ಬಂತು. ಎತ್ತು ಕಂಡದ್ದೇ ಶಿದ್ರಾಯ ಬ್ರೇಕಿನ ಮೇಲೆ ಎದ್ದು ನಿಂತ. ಮಾಮಲೇದಾರನ ಟೊಪ್ಪಿಗೆ ಮುಂದೆ ಹಾರಿ ಬಿತ್ತು.

"ಹಾಯಸಲೇ ಅದರ ಮ್ಯಾಲ!" ಪಾಟೀಲ ಒದರಿದ.

"ಬಸವಣ್ಣ ಅದಾನ್ರೀ ಗೌಡ್ರ! ಬಸವಣ್ಣನ ಮ್ಯಾಲ ಗಾಲಿ ಹಾಯಿಸಿದ್ರ ನನ್ನ ವಂಶ ಉಳೀತೈತೇನ್ರಿ?"

ಚನ್ನವ್ವನಿಗೆ ಉರಿದು ಹೋಯಿತು. ಸತ್ತ ದನಕ್ಕೆ ಹಾಕಿದ ಬ್ರೇಕು ಇವನು ಬದುಕಿದ್ದ ಕೂಸಿಗೆ ಹಾಕಿರಲಿಲ್ಲ.

"ಇಳದು ಸರಸು ಹಂಗಾರ," ಪಾಟೀಲ ಶಿದ್ರಾಯನಿಗೆ ಅಂದ.

"ಸತ್ತದ್ದನ್ನ ನಾ ಹೆಂಗ ಮುಟ್ಟಲ್ರಿ?"

"ಲಗಮ್ಯಾ! ಎಳೀರಲೇ ಸೂಳೆಮಕ್ಕಳ್ರ್ಯಾ!"

ಗೋಡೆಯ ನೆರಳಿನಲ್ಲಿ ಕೂತಿದ್ದ ಲಗಮಣ್ಣ ಏಳಲಿಲ್ಲ. "ನಮ್ಮ ಮನಿ ಮುಂದ ಬಂದೈತಲ್ರಿ, ಇನ್ನೇನ್ ಅವಸರ? ಗಾಳಿ ಕುಡೀರಿ ಜರಾ."

ನೊಣ ಕವಿದವು. ಹೊಟ್ಟೆ ಉಬ್ಬಿದ ಎತ್ತು ನಾರತೊಡಗಿತು. ಕೇರಿಯ ಹೆಂಗಸರು ಬಾಗಿಲಲ್ಲಿ ನಿಂತು, ಹುಲಿಕುಣಿತ ನೋಡುವವರಂತೆ ನೋಡಿದರು. ಮಾಮಲೇದಾರ ಮೂಗಿಗೆ ವಸ್ತ್ರ ಹಿಡಿದು ಮರಾಠಿಯಲ್ಲಿ ಬೈಯುತ್ತಾ ಕೊನೆಗೆ ಕೆಳಗಿಳಿದ. ಜತ್ತಕ್ಕೆ ಬೇರೆ ದಾರಿಯಿರಲಿಲ್ಲ, ಪಾಟೀಲನೂ ಇಳಿಯಬೇಕಾಯಿತು. ಧೋತರ ಮೊಣಕಾಲಿಗೇರಿಸಿ, ಕಳ್ಳಿಯ ಮುಳ್ಳು ತರಚಿಸಿಕೊಂಡು, ಇಬ್ಬರೂ ಎತ್ತಿನ ಪಕ್ಕದಲ್ಲಿ ತೂರಿ ಈಚೆ ಬಂದರು.

ಚನ್ನವ್ವ ಮಗಳ ಸೊಂಟಕ್ಕೆ ಕೊಡ ಇಟ್ಟಳು.

"ನೀರು ತಾ ಹೋಗವ್ವಾ. ಓಡಬ್ಯಾಡ."

ಹಾಲವ್ವ ರಸ್ತೆಗಿಳಿದಳು. ಒಂದು ಹೆಜ್ಜೆ ಇಟ್ಟು, ಇನ್ನೊಂದು ಕಾಲು ಎಳೆದು, ಮತ್ತೊಂದು ಹೆಜ್ಜೆ. ಇವರು ಮುಂದೆ ಬಂದರೆ ಹುಡುಗಿ ತಾಗಿ ಮೈಲಿಗೆಯಾಗುತ್ತದೆ. ಪಾಟೀಲ ನಿಂತ. ಮಾಮಲೇದಾರನೂ ನಿಂತ. ಹುಡುಗಿ ಆಚೆ ದಂಡೆ ಮುಟ್ಟುವವರೆಗೆ ಇಬ್ಬರೂ ಬಿಸಿಲಲ್ಲಿ ನಿಂತೇ ಇದ್ದರು.